ಬಾಕ್ಸಿಗೆ ಬಂದ ಶಾಲೆ ಚೀಲ

ಡೊಂಬಿವಲಿಯ ನನ್ನ ಬಾಡಿಗೆ ಮನೆಗೆ ಯಾವ ಪಾರ್ಸೆಲ್ಲೂ ಬರುತ್ತಿರಲಿಲ್ಲ. ಬರದ ಹಾಗೆ ನಾನೇ ನೋಡಿಕೊಂಡಿದ್ದೆ. ನಮ್ಮ ಮಾಳಿಗೆಯ ಉಳಿದ ಮನೆಗಳಿಗೆ ಹೊತ್ತಿಲ್ಲ ಗೊತ್ತಿಲ್ಲ, ಡೆಲಿವರಿಯವರು ಬಂದು ಬೆಲ್ ಒತ್ತುತ್ತಿದ್ದರು. ಎದುರು ಮನೆಯ ಮರಾಠಿ ಹೆಂಗಸು ಒಮ್ಮೆ ಕೇಳಿಯೇ ಬಿಟ್ಟಳು: "ನೀನು ಏನೂ ತರಿಸುವುದೇ ಇಲ್ಲವಾ? ಮಗುವಿಗೆ ಬಟ್ಟೆಬರೆ ಬೇಡವಾ?" ಅಂಗಡಿಗೇ ಹೋಗಿ ತರುತ್ತೇನೆ ಅಂದೆ. ಅವಳು ನಂಬಿದಳೋ ಇಲ್ಲವೋ, ಮತ್ತೆ ಕೇಳಲಿಲ್ಲ.

ನನ್ನ ಪಾರ್ಸೆಲ್‌ಗಳು ಬರುತ್ತಿದ್ದದ್ದು ಥಾಣೆ ಸ್ಟೇಷನ್ ಹತ್ತಿರದ ಒಂದು ಗಲ್ಲಿಯ ಅಂಗಡಿಗೆ. ಝೆರಾಕ್ಸ್, ಲ್ಯಾಮಿನೇಶನ್, ರಿಚಾರ್ಜ್ ಅಂತ ಬೋರ್ಡು ಹಾಕಿದ್ದ, ಇಬ್ಬರು ನಿಂತರೆ ಮೂರನೆಯವರು ಹೊರಗೇ ನಿಲ್ಲಬೇಕಾದಂಥ ಇಕ್ಕಟ್ಟಿನ ಅಂಗಡಿ. ಒಳಗಿನ ಗೋಡೆಗೆ ಸ್ಟೀಲಿನ ಚಿಕ್ಕ ಚಿಕ್ಕ ಖಾನೆಗಳು, ಒಂದೊಂದಕ್ಕೂ ಬೀಗ. ತಿಂಗಳ ಬಾಡಿಗೆ ಕೊಟ್ಟರೆ ಒಂದು ಖಾನೆ ನಮ್ಮದು. ಅದರ ನಂಬರ್ ಹಾಕಿ, ಅಂಗಡಿಯ ವಿಳಾಸಕ್ಕೆ ಏನು ಬೇಕಾದರೂ ತರಿಸಿಕೊಳ್ಳಬಹುದು. ದೊಡ್ಡ ಪೆಟ್ಟಿಗೆಯಾದರೆ ಮೇಲಿನ ಅಟ್ಟಕ್ಕೆ ಹಾಕಿಡುತ್ತಿದ್ದರು. ಅಂಗಡಿ ನಡೆಸುತ್ತಿದ್ದವರು ವಯಸ್ಸಾದ ಗಂಡಹೆಂಡತಿ. ಎಲ್ಲರೂ ಅವರನ್ನು ಕಾಕಾ, ಕಾಕು ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

ಅಲ್ಲಿ ಬಾಕ್ಸ್ ಹಿಡಿದವರೆಲ್ಲ ನನ್ನ ಹಾಗೆ ತಲೆಮರೆಸಿಕೊಂಡವರೇನಲ್ಲ. ಪೀಜಿಯಲ್ಲಿರುವ ಹುಡುಗಿಯರು, ಹಗಲಿಡೀ ಮನೆಯಲ್ಲಿ ಯಾರೂ ಇಲ್ಲದ ದಂಪತಿಗಳು ಹೆಚ್ಚು. ಕೂದಲಿಗೆ ಬಣ್ಣ ತರಿಸುವ ಒಬ್ಬ ಯಜಮಾನರಿದ್ದರು. ಅವರು ಅಂಗಡಿಯಲ್ಲೇ ಡಬ್ಬ ಒಡೆದು, ಒಳಗಿನ ಸಣ್ಣ ಸೀಸೆ ಮಾತ್ರ ಕಿಸೆಗೆ ಹಾಕಿಕೊಂಡು, ರಟ್ಟನ್ನು ಕಾಕುಗೆ ಕೊಟ್ಟು ಹೋಗುತ್ತಿದ್ದರು. ಕಾಕು ಯಾರನ್ನೂ ಯಾಕೆ ಏನು ಎಂದು ಕೇಳುತ್ತಿರಲಿಲ್ಲ. ನನ್ನನ್ನೂ ಕೇಳಲಿಲ್ಲ. ಆಧಾರ್‌ನ ಪ್ರತಿ ಮತ್ತು ಫೋನ್ ನಂಬರ್ ತೆಗೆದುಕೊಂಡು ಚಾವಿ ಕೊಟ್ಟಳು. ಆಧಾರ್‌ನಲ್ಲಿ ಇನ್ನೂ ಕಳಂಬೋಲಿಯ ವಿಳಾಸವೇ ಇತ್ತು.

ಕಳಂಬೋಲಿಯಲ್ಲಿ ನನ್ನ ಗಂಡನ ಮನೆ. ಅವರ ತಂದೆ ಉಡುಪಿಯಿಂದ ಬಂದು ಹೋಟೆಲಿನಲ್ಲಿ ದುಡಿದವರು. ಮಗ ಹೋಟೆಲು ಬೇಡವೆಂದು ಲೋಖಂಡ್ ಬಜಾರಿನಲ್ಲಿ ಕಬ್ಬಿಣದ ದಲ್ಲಾಳಿಯಾದರು. ಕೆಲಸದಲ್ಲಿ ಚುರುಕು, ಕುಡಿತ ಇಲ್ಲ, ಬೀಡಿ ಸಿಗರೇಟು ಇಲ್ಲ. ಮದುವೆಯ ಮಾತುಕತೆಯಲ್ಲಿ ನಮ್ಮವರು ಕೇಳುವುದು ಇಷ್ಟನ್ನೇ ತಾನೆ. ಅವರಿಗೆ ಇದ್ದದ್ದು ಬೇರೆಯೇ ಒಂದು ಚಟ. ನನಗೆ ಬಂದದ್ದನ್ನೆಲ್ಲ ಅವರೇ ಮೊದಲು ಬಿಚ್ಚಬೇಕು. ಫೋನಿಗೆ ಬಂದ ಮೆಸೇಜು, ತವರಿನಿಂದ ಬಂದ ಡಬ್ಬಿ, ಅಂಗಡಿಯಿಂದ ತರಿಸಿದ ಒಳಉಡುಪು, ಎಲ್ಲವನ್ನೂ. ನಾನು ತರಿಸುವ ಸಾಮಾನಿನ ವಿಳಾಸವನ್ನು ಅವರೇ ಬದಲಿಸಿ, ಎಲ್ಲ ಬಜಾರಿನ ಆಫೀಸಿಗೆ ಹೋಗುವ ಹಾಗೆ ಮಾಡಿದ್ದರು. ಸಂಜೆ ಬಿಚ್ಚಿದ ಪೆಟ್ಟಿಗೆ ಮನೆಗೆ ಬರುತ್ತಿತ್ತು. "ಗಂಡಹೆಂಡತಿ ನಡುವೆ ಗುಟ್ಟೇನು?" ಎಂದು ನಗುತ್ತಲೇ ಕೇಳುತ್ತಿದ್ದರು. ಕೆಲಸಕ್ಕೆ ಸೇರುವ ಆಸೆಯಿಂದ ಅಕೌಂಟಿಂಗ್ ಪುಸ್ತಕಗಳನ್ನು ತರಿಸಿದಾಗ ಅವು ಮನೆಯವರೆಗೂ ಬರಲಿಲ್ಲ. ಆಫೀಸಿನಿಂದಲೇ ವಾಪಸು ಹೋದವು.

ಆ ವಿಷಯಕ್ಕೆ ನಾನು ಜೋರಾಗಿ ಜಗಳವಾಡಿದೆ. ಮರುದಿನ ಅವರು ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋದರು. ಒಳಗೆ ನಾನು, ಮಗಳು ಮತ್ತು ಅತ್ತೆ. ಮಗಳಿಗೆ ಜ್ವರವಿತ್ತು. ಅತ್ತೆ ಬಾಲ್ಕನಿಯ ಸರಳು ಹಿಡಿದು ಕೆಳಗಿನ ವಾಚ್‌ಮನ್‌ನನ್ನು ಕೂಗಿದರು. ಸಂಜೆ ಮಗ ಬಂದಾಗ ಅವನ ಎದುರು ನಿಂತು ಬೈದರು. ಆದರೆ ಬೀಗದ ಅಭ್ಯಾಸ ಒಂದು ಸಲಕ್ಕೆ ನಿಲ್ಲಲಿಲ್ಲ. ಬಾಗಿಲು ತೆರೆದಿದ್ದ ಒಂದು ಬೆಳಿಗ್ಗೆ ಮಗಳಿಗೆ ಯೂನಿಫಾರ್ಮ್ ಹಾಕಿ, ಶಾಲೆಗೆ ಬಿಡಲು ಹೊರಟವಳಂತೆ ಹೊರಟು ಬಂದೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನನ್ನ ಕೈಚೀಲ ಎಂದಿಗಿಂತ ದಪ್ಪವಾಗಿದ್ದದ್ದು ಅವರಿಗೆ ಕಾಣದೆ ಇರಲು ಸಾಧ್ಯವಿರಲಿಲ್ಲ. "ಮಗುವಿಗೆ ಸ್ವೆಟರ್ ಹಾಕು" ಎಂದಷ್ಟೇ ಹೇಳಿದರು.

ತವರಿಗೆ ಹೋಗುವ ಹಾಗಿರಲಿಲ್ಲ. ಅವರು ಮೊದಲು ಹುಡುಕುವುದೇ ಅಲ್ಲಿ. ಒಬ್ಬ ವಕೀಲೆ ಸಿಕ್ಕಿದರು. ಕೋರ್ಟಿನ ಕಾಗದಪತ್ರಕ್ಕೆಲ್ಲ ತಮ್ಮ ಕಚೇರಿಯ ವಿಳಾಸವನ್ನೇ ಕೊಟ್ಟರು. ಅವರ ಮೂಲಕವೇ ಮಾಜಿವಾಡಾದ ಒಂದು ಲ್ಯಾಬಿನಲ್ಲಿ ಬಿಲ್ಲಿಂಗ್ ಕೆಲಸವೂ ಆಯಿತು. ಡೊಂಬಿವಲಿಯಲ್ಲಿ ಒಂದು ಕೋಣೆ, ಅಡುಗೆಮನೆ. ಮಗಳಿಗೆ ಮನೆಯ ಹತ್ತಿರವೇ ಶಾಲೆ. ಶಾಲೆ ಬಿಟ್ಟ ಮೇಲೆ ನಾನು ಬರುವವರೆಗೆ ಅಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಒಂದು ಪಾಳಣಾಘರದಲ್ಲಿ ಇರುತ್ತಿದ್ದಳು.

ಒಂದು ದಿನ ಮಧ್ಯಾಹ್ನ, ಗಂಡ ಬಜಾರಿನಲ್ಲಿರುವ ಹೊತ್ತು ನೋಡಿ, ಮನೆಯ ಲ್ಯಾಂಡ್‌ಲೈನಿನಲ್ಲಿ ಅತ್ತೆಗೆ ಫೋನ್ ಮಾಡಿದೆ. ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಬದುಕಿದ್ದೀಯಲ್ಲ, ಮಾರಾಯ್ತಿ" ಎಂದು ಅತ್ತರು. ಸ್ವಲ್ಪ ಹೊತ್ತಾದ ಮೇಲೆ, "ಎಲ್ಲಿದ್ದಿ?" ಎಂದು ಕೇಳಿದರು.

ಮಗು ಚೆನ್ನಾಗಿದ್ದಾಳೆ ಎಂದಷ್ಟೇ ಹೇಳಿದೆ.

"ನನ್ನ ಮೇಲೂ ನಂಬಿಕೆ ಇಲ್ವಾ ನಿಂಗೆ?"

"ಹಾಗಲ್ಲ ಅತ್ತೆ..."

"ಆಯ್ತು ಬಿಡು. ನಾನು ಅವನ ಅಮ್ಮ ಅಲ್ವಾ" ಎಂದರು. ಅವರಿಗೆ ನೋವಾಗಿತ್ತು, ದನಿಯಲ್ಲೇ ಗೊತ್ತಾಯಿತು. ಆ ನೋವು ತಡೆಯಲಾರದೆಯೇ ನಾನು ಥಾಣೆಯ ಬಾಕ್ಸಿನ ವಿಷಯ ಹೇಳಿದ್ದು. ನನ್ನ ಮನೆ ಎಲ್ಲಿಯೋ ಇರಲಿ, ಇಲ್ಲಿಗೆ ಕಳಿಸಿದರೆ ನನಗೆ ಮುಟ್ಟುತ್ತದೆ ಎಂದೆ. ಅವರು ವಿಳಾಸವನ್ನು ಎರಡೆರಡು ಸಲ ಹೇಳಿಸಿ ಬಾಯಿಪಾಠ ಮಾಡಿಕೊಂಡರು.

ಆಮೇಲೆ ಶುರುವಾಯಿತು ನೋಡಿ. ಕಳಂಬೋಲಿಯಿಂದ ಥಾಣೆಗೆ ಎಷ್ಟು ಮಹಾ ದೂರ! ಒಂದು ಲೋಕಲ್ ಹಿಡಿದರೆ ಬಂದು ಮುಟ್ಟಬಹುದಾದ ಜಾಗಕ್ಕೆ ಅತ್ತೆ ದೇವಸ್ಥಾನಕ್ಕೆ ಹೋಗುವ ನೆವದಲ್ಲಿ ಕೊರಿಯರ್ ಅಂಗಡಿಗೆ ಹೋಗಿ ಪಾರ್ಸೆಲ್ ಕಳಿಸುತ್ತಿದ್ದರು. ಹಲಸಿನ ಹಪ್ಪಳ, ರವೆ ಉಂಡೆ, ಮಿಡಿ ಉಪ್ಪಿನಕಾಯಿ. ಉಪ್ಪಿನಕಾಯಿ ಬಾಟಲಿಗೆ ಮೂರು ಪದರ ಪ್ಲಾಸ್ಟಿಕ್, ಅದರ ಮೇಲೆ ಹಳೆ ಸೀರೆಯ ತುಂಡು. ಆದರೂ ವಾಸನೆ ಅಡಗುತ್ತಿರಲಿಲ್ಲ. ಕಾಕು ದೂರದಿಂದಲೇ ನನ್ನನ್ನು ಕಂಡು ಮೂಗು ಮುಟ್ಟಿ ತೋರಿಸಿ ನಗುತ್ತಿದ್ದಳು. ಒಂದು ಸಲ ಅವಳಿಗೂ ಸ್ವಲ್ಪ ಕೊಟ್ಟೆ. ಖಾರಕ್ಕೆ ಕಾಕಾ ಅರ್ಧ ದಿನ ಬಿಕ್ಕಳಿಸಿದರಂತೆ. ಮಗಳು ಮಾತ್ರ ಪ್ರತಿ ಪಾರ್ಸೆಲನ್ನೂ ನೆಲದ ಮೇಲೆ ಹರಡಿಕೊಂಡು, "ಅಜ್ಜೀನೇ ಭೇಜಾ, ಅಜ್ಜೀನೇ ಭೇಜಾ" ಎಂದು, ಅಜ್ಜಿ ಕಳಿಸಿದ್ದೆಂದು ಸಾರುತ್ತಾ ಕುಣಿಯುತ್ತಿದ್ದಳು. ಅವಳಿಗೆ ತುಳು ಕನ್ನಡ ಎಲ್ಲ ಅರ್ಥವಾಗುತ್ತದೆ. ಬಾಯಿ ತೆರೆದರೆ ಬರುವುದು ಹಿಂದಿ.

ಹೊಸ ಶಾಲೆ ವರ್ಷ ಶುರುವಾಗುವ ಮೊದಲು ಬಂದ ಪಾರ್ಸೆಲ್ ದೊಡ್ಡದಾಗಿತ್ತು. ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಂಗಡಿಗೆ ಹೋದೆ. ಕಾಕಾ ಸ್ಟೂಲಿನ ಮೇಲೆ ಹತ್ತಿ ಅಟ್ಟದಿಂದ ಇಳಿಸಿಕೊಟ್ಟರು. ಆಫೀಸಿನಲ್ಲಿ ಬಿಚ್ಚಿ ನೋಡಿದೆ: ಉಂಡೆಯ ಡಬ್ಬಿ, ಜೊತೆಗೆ ಒಂದು ಗುಲಾಬಿ ಬಣ್ಣದ ಶಾಲೆ ಚೀಲ. ಒಳ್ಳೆಯ ಕಂಪನಿಯದು, ಬೆನ್ನಿಗೆ ಮೆತ್ತೆ ಇದ್ದದ್ದು. ಅತ್ತೆ ಇಷ್ಟು ದುಬಾರಿಯದನ್ನು ಹೇಗೆ ತಂದರೋ ಎಂದು ಅಚ್ಚರಿಯಾಯಿತು. ಮಗಳ ಹಳೆಯ ಚೀಲದ ಝಿಪ್ಪು ಹಾಳಾಗಿ ಪಿನ್ ಹಾಕಿ ಕೊಡುತ್ತಿದ್ದೆ. ಕಣ್ಣು ತುಂಬಿ ಬಂತು. ಸಹೋದ್ಯೋಗಿಗಳಿಗೆ ಉಂಡೆ ಹಂಚಿ, ಚೀಲವನ್ನು ಮೇಜಿನ ಕೆಳಗೆ ಇಟ್ಟುಕೊಂಡು ಸಂಜೆಯವರೆಗೆ ಕೆಲಸ ಮಾಡಿದೆ.

ಸಂಜೆ ಥಾಣೆಯಲ್ಲಿ ಸ್ಲೋ ಟ್ರೈನ್ ಸಿಕ್ಕಿತು. ಲೇಡೀಸ್ ಡಬ್ಬಾದಲ್ಲಿ ನಮ್ಮದೊಂದು ಖಾಯಂ ಗುಂಪು ಇತ್ತು. ಹೆಸರಿಗಿಂತ ಇಳಿಯುವ ಸ್ಟೇಷನ್ನಿನ ಲೆಕ್ಕದಲ್ಲೇ ಗುರುತು: ಕಲ್ಯಾಣದವಳು, ಕೋಪರ್‌ನವಳು. ಅವತ್ತು ಕಲ್ಯಾಣದವಳು ಮಡಿಲಲ್ಲಿ ಪ್ಲಾಸ್ಟಿಕ್ ಹರಡಿಕೊಂಡು ಗವಾರಿಕಾಯಿ ಹೆಚ್ಚುತ್ತಿದ್ದಳು. ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ನನಗೆ ತುದಿಯಲ್ಲಿ ಜಾಗ ಸಿಕ್ಕಿತು. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಫೋನ್ ತೆಗೆದೆ. ಒಂದು ಸೂಚನೆ ಬಂದು ಕೂತಿತ್ತು. ಮಧ್ಯಾಹ್ನವೇ ಬಂದಿತ್ತೇನೋ, ಬ್ಯಾಂಕಿನ, ಸಾಲದ, ಸೇಲಿನ ಮೆಸೇಜುಗಳ ನಡುವೆ ನಾನು ಗಮನಿಸಿರಲಿಲ್ಲ. ಯಾವುದೋ ಗುರುತಿಲ್ಲದ ಟ್ರ್ಯಾಕರ್ ನಿಮ್ಮ ಜೊತೆ ಚಲಿಸುತ್ತಿದೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಇದು ಯಾವ ಹೊಸ ಮೋಸವೋ ಎಂದುಕೊಂಡು ಅಳಿಸಲು ಹೋದೆ.

ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗಿ ಬಗ್ಗಿ ನೋಡಿದವಳು, "ಆಂಟಿ, ಡಿಲೀಟ್ ಮತ್ ಕರೋ" ಎಂದಳು. ಅಳಿಸಬೇಡಿ, ಫೋನ್ ಕೊಡಿ ಎಂದು ಕೈಚಾಚಿದಳು. ನಾನು ಕೊಟ್ಟೆ. ಅವಳು ಅದನ್ನು ಒತ್ತಿದಾಗ ಒಂದು ನಕ್ಷೆ ತೆರೆಯಿತು. ಥಾಣೆ ಸ್ಟೇಷನ್ನಿನಿಂದ ಮಾಜಿವಾಡಾಕ್ಕೆ, ನನ್ನ ಆಫೀಸಿನ ಕಟ್ಟಡಕ್ಕೆ, ಅಲ್ಲಿಂದ ಮತ್ತೆ ಸ್ಟೇಷನ್ನಿಗೆ ಕೆಂಪು ಗೆರೆ ಎಳೆದಿತ್ತು. ಬೆಳಿಗ್ಗೆಯಿಂದ ನಾನು ನಡೆದ ದಾರಿ ಅದು.

"ಯಾರೋ ನಿಮ್ಮ ಸಾಮಾನಿನಲ್ಲಿ ಟ್ರ್ಯಾಕರ್ ಇಟ್ಟಿದ್ದಾರೆ. ಚಾವಿಗೆ, ಸೂಟ್‌ಕೇಸಿಗೆ ಹಾಕ್ತಾರಲ್ಲ, ಅದು. ಸದ್ದು ಮಾಡಿಸ್ಲಾ?" ಎಂದು ಹಿಂದಿಯಲ್ಲಿ ಕೇಳಿದಳು.

ಅವಳು ಒತ್ತಿದಳು. ಗುಲಾಬಿ ಚೀಲದೊಳಗಿಂದ ಹಕ್ಕಿಮರಿ ಕೂಗಿದಂತೆ ಸಣ್ಣ ಸದ್ದು ಬಂತು.

ಸುತ್ತಲಿದ್ದವರೆಲ್ಲ ಚೀಲದ ಕಡೆ ತಿರುಗಿದರು. ಗಾಡಿ ಮುಂಬ್ರಾ ದಾಟಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಡೊಂಬಿವಲಿ. ಆಮೇಲೆ ಪಾಳಣಾಘರ, ನಮ್ಮ ಗಲ್ಲಿ, ನಮ್ಮ ಮೆಟ್ಟಿಲು. ಶಾಲೆ ಶುರುವಾದರೆ ಮಗಳ ಬೆನ್ನ ಮೇಲೆ ಶಾಲೆಗೂ. ಬಾಯಿಂದ ಒಂದೇ ಮಾತು ಬಂತು: "ನನ್ನ ಗಂಡ."

ಯಾರೂ ಯಾಕೆ ಎಂದು ಕೇಳಲಿಲ್ಲ. "ದಿವಾದಲ್ಲಿ ಇಳಿ" ಎಂದಳು ಗವಾರಿಕಾಯಿಯವಳು. "ಮನೆಯವರೆಗೆ ಇದನ್ನ ಒಯ್ಯಬೇಡ." ಹೇಳಿದವಳು ತಾನೂ ತರಕಾರಿಯನ್ನು ಚೀಲಕ್ಕೆ ಸುರಿದುಕೊಂಡು ನನ್ನ ಜೊತೆ ಇಳಿದಳು. ಕಾಲೇಜು ಹುಡುಗಿಯೂ ಇಳಿದಳು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಚೀಲವನ್ನು ಮಗುಚಿ ಹಾಕಿ ಮೂವರೂ ತಡಕಿದೆವು. ಬೆನ್ನಿನ ಮೆತ್ತೆಯ ಕೆಳತುದಿಯಲ್ಲಿ ಹೊಲಿಗೆ ಬೇರೆ ಥರ ಇತ್ತು. ಕೈಯಲ್ಲಿ ಹೊಲಿದದ್ದು. ಕಲ್ಯಾಣದವಳು ತರಕಾರಿ ಚಾಕುವಿನಿಂದ ಆ ಹೊಲಿಗೆ ಬಿಡಿಸಿ ಬೆರಳು ಹಾಕಿ ಎಳೆದಳು. ಐದು ರೂಪಾಯಿಯ ನಾಣ್ಯಕ್ಕಿಂತ ತುಸು ದೊಡ್ಡದಾದ ಒಂದು ಬಿಳಿ ಬಿಲ್ಲೆ.

"ಹಳಿ ಮೇಲೆ ಎಸೆದುಬಿಡು" ಎಂದಳು ಅವಳು ಸಿಟ್ಟಿನಲ್ಲಿ.

"ಬೇಡ ಬೇಡ. ಪೊಲೀಸರಿಗೆ ತೋರಿಸಲಿಕ್ಕೆ ಬೇಕು" ಎಂದ ಹುಡುಗಿ ಅದರ ಬೆನ್ನನ್ನು ತಿರುಚಿ, ಬ್ಯಾಟರಿ ತೆಗೆದು, ಎರಡನ್ನೂ ನನ್ನ ಕರ್ಚೀಫಿನಲ್ಲಿ ಕಟ್ಟಿಕೊಟ್ಟಳು. "ಈಗ ಅವರಿಗೆ ದಿವಾವರೆಗೆ ಮಾತ್ರ ಕಾಣ್ತದೆ, ಆಂಟಿ. ಇಲ್ಲಿಂದ ಪನ್ವೇಲ್‌ಗೂ ಗಾಡಿ ಉಂಟು, ವಸಾಯಿಗೂ ಉಂಟು. ನೀವು ಯಾವ ಕಡೆ ಹೋದ್ರಿ ಅಂತ ಯಾರಿಗೆ ಗೊತ್ತಾಗ್ತದೆ?"

ಅಷ್ಟು ಸಣ್ಣ ಹುಡುಗಿ ನನಗೆ ಧೈರ್ಯ ಹೇಳುತ್ತಿದ್ದಳು. ಮುಂದಿನ ಗಾಡಿ ಬರುವವರೆಗೆ ಇಬ್ಬರೂ ನನ್ನ ಅತ್ತಿತ್ತ ಕೂತಿದ್ದರು. ಕಲ್ಯಾಣದವಳು ನೀರಿನ ಬಾಟಲಿ ಕೊಟ್ಟಳು. ಅವಳ ಮನೆಯಲ್ಲಿ ಅಡುಗೆಗೆ ತಡವಾಗಿರಬೇಕು. ಒಂದು ಸಲವೂ ಗಡಿಯಾರ ನೋಡಲಿಲ್ಲ.

ಮನೆಗೆ ಬಂದೆ. ಮಗಳಿಗೆ ಚೀಲ ತೋರಿಸಲಿಲ್ಲ. ಅವಳು ಉಂಡೆ ತಿನ್ನುತ್ತಿದ್ದರೆ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ: ಅತ್ತೆಗೆ ಗೊತ್ತಿತ್ತೇ? ಚೀಲದೊಳಗಿನ ಬಿಲ್ಲೆಗಿಂತ ಈ ಪ್ರಶ್ನೆಯೇ ಹೆಚ್ಚು ಚುಚ್ಚುತ್ತಿತ್ತು. ಆ ಮನೆಯಲ್ಲಿ ನನ್ನ ಪಾಲಿಗೆ ಇದ್ದದ್ದು ಅವರೊಬ್ಬರೇ. ಜಾಂಡಿಸ್ ಆದಾಗ ನನ್ನ ತಲೆ ಬಾಚಿದವರು, ಹೆರಿಗೆಯಾದಾಗ ಆಸ್ಪತ್ರೆಯ ನೆಲದ ಮೇಲೆ ಮಲಗಿದವರು.

ಬೆಳಿಗ್ಗೆ ಆಫೀಸಿಗೆ ರಜೆ ಹೇಳಿ, ಗಂಡ ಬಜಾರಿಗೆ ಹೋಗುವ ಹೊತ್ತು ಕಳೆದ ಮೇಲೆ ಅತ್ತೆಗೆ ಫೋನ್ ಮಾಡಿದೆ.

"ಚೀಲ ಸಿಕ್ತಾ? ಮಗುವಿಗೆ ಖುಷಿ ಆಯ್ತಾ?" ಅವರ ದನಿ ಅರಳಿತ್ತು.

"ಅದನ್ನ ಯಾರು ತಂದದ್ದು ಅತ್ತೆ?"

"ಅವನೇ ತಂದ. ನಾನು ನಿಂಗೆ ಕಳಿಸೂದು ಅವನಿಗೆ ಹೇಗೋ ಗೊತ್ತಾಗಿದೆ. ಬೈಲಿಲ್ಲ ಮಾರಾಯ್ತಿ. ಕಣ್ಣಲ್ಲಿ ನೀರು ಹಾಕಿದ. ನನ್ನ ಮಗಳಿಗೆ ನಾನು ಒಂದು ಚೀಲ ಕೊಡಬಾರದಾ, ನಾನು ಕೊಟ್ಟದ್ದು ಅಂತ ಹೇಳೂದು ಬೇಡ, ನೀನೇ ಕೊಟ್ಟದ್ದು ಅಂತ ಕಳಿಸು ಅಂದ. ಅವ ಬದಲಾಗಿದ್ದಾನೆ ಅಂತ ನಾನು..."

ಚೀಲದೊಳಗೆ ಸಿಕ್ಕಿದ್ದನ್ನು ಹೇಳಿದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. ಎರಡನೆಯ ಸಲ ಬಿಡಿಸಿ ಹೇಳಿದೆ: ಅದು ಎಲ್ಲಿ ಹೋದರೂ ನಿಮ್ಮ ಮಗನ ಫೋನಿನಲ್ಲಿ ಕಾಣುತ್ತದೆ, ನಾನೆಲ್ಲಿ, ಮಗು ಎಲ್ಲಿ, ಎಲ್ಲ.

"ನನ್ನ ಕೈಯಿಂದ ಕಟ್ಟಿಸಿದ" ಎಂದರು. "ಹಗ್ಗ ನಾನು ಕಟ್ಟಿದ್ದು. ಗಂಟು ಹಾಕುವಾಗ ದೇವರ ಹೆಸರು ಹೇಳಿದ್ದೆ." ಆಮೇಲೆ ಗಾಬರಿಯ ದನಿಯಲ್ಲಿ, "ಅವ ಇವತ್ತು ಬೇಗ ಹೋದ. ಥಾಣೆಯಲ್ಲಿ ಕೆಲಸ ಉಂಟು ಅಂದ" ಎಂದು ಫೋನ್ ಇಟ್ಟುಬಿಟ್ಟರು.

ಸ್ವಲ್ಪ ಹೊತ್ತಿನಲ್ಲೇ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಎತ್ತಲಿಲ್ಲ. ಮತ್ತೆ ಬಂತು, ಮತ್ತೆ ಬಂತು. ಅದರ ನಡುವೆ ಕಾಕುವಿನ ಫೋನ್.

"ಇಲ್ಲಿಗೆ ಬರಬೇಡ" ಎಂದಳು ಪಿಸುದನಿಯಲ್ಲಿ. "ನಿನ್ನ ಯಜಮಾನ ಅಂತೆ, ಅಂಗಡಿಯಲ್ಲಿ ಕೂತಿದ್ದಾನೆ. ಮಾಜಿವಾಡಾದಲ್ಲಿ ಹುಡುಕಿ ನೀನು ಸಿಗಲಿಲ್ಲವಂತೆ. ಹೆಂಡತಿಗೆ ತಲೆ ಸರಿಯಿಲ್ಲ, ಮಗು ಅಪಾಯದಲ್ಲಿದೆ ಅಂತ ಅಳ್ತಾ ಬಂದ. ನಾನು ಒಳಗಿದ್ದೆ. ನಿನ್ನ ಕಾಕಾ ಪಾಪ ಅಂತ ನಂಬರ್ ಕೊಟ್ಟುಬಿಟ್ಟರು." ಹಿಂದಿನಿಂದ ಕಾಕಾ ಏನೋ ಹೇಳುತ್ತಿದ್ದದ್ದು ಕೇಳಿಸಿತು. "ಮನೆ ವಿಳಾಸ ನಮ್ಮ ಹತ್ತಿರ ಇಲ್ಲ, ಗಣಪತಿಯ ದಯ" ಎಂದಳು.

ನನಗೆ ಕಾಕಾನ ಮೇಲೆ ಸಿಟ್ಟು ಬರಲಿಲ್ಲ. ಅಳುವ ಗಂಡಸನ್ನು ಕಂಡರೆ ಎಂಥವರಿಗೂ ಪಾಪ ಅನ್ನಿಸುತ್ತದೆ. ನನಗೂ ಎಷ್ಟೋ ಸಲ ಅನ್ನಿಸಿತ್ತು. ಆದರೆ ಚಾವಿ ನನ್ನ ಹತ್ತಿರ ಇದ್ದರಾಯಿತು, ಬಾಕ್ಸು ಭದ್ರ ಎಂದುಕೊಂಡಿದ್ದೆನಲ್ಲ, ಅದೆಷ್ಟು ತೆಳ್ಳಗಿನ ನಂಬಿಕೆ ಎಂದು ಅವತ್ತು ಗೊತ್ತಾಯಿತು. ಬೀಗವಿದ್ದದ್ದು ಖಾನೆಗೆ ಮಾತ್ರ.

ವಕೀಲೆಗೆ ತಿಳಿಸಿದೆ. ಓಡಿಹೋಗಿ ಇನ್ನೊಂದು ಊರು ಹುಡುಕಲಾ ಎಂದೂ ಕೇಳಿದೆ. "ಎಷ್ಟು ಊರು ಹುಡುಕುತ್ತೀರಿ? ಬನ್ನಿ, ಇವತ್ತೇ ಕಂಪ್ಲೇಂಟ್ ಕೊಡೋಣ" ಎಂದರು. ಮಗಳನ್ನು ಪಾಳಣಾಘರದಲ್ಲಿ ಬಿಟ್ಟು ಥಾಣೆಗೆ ಹೋದೆ. ಅಲ್ಲಿ ಸ್ಟೇಷನ್ ಹತ್ತಿರದ ಪೊಲೀಸ್ ಚೌಕಿಯಲ್ಲಿ ಒಬ್ಬ ಮಹಿಳಾ ಅಧಿಕಾರಿ ನಾನು ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದರು. ಕರ್ಚೀಫಿನ ಗಂಟು ಬಿಚ್ಚಿ ಬಿಲ್ಲೆಯನ್ನು ನೋಡಿದರು. ನನ್ನ ಫೋನಿನ ನಕ್ಷೆಯ ಫೋಟೋ ತೆಗೆಸಿಕೊಂಡರು. ಆಮೇಲೆ ಒಬ್ಬ ಕಾನ್‌ಸ್ಟೆಬಲ್ ಹೆಂಗಸನ್ನು ನಮ್ಮ ಜೊತೆ ಮಾಡಿ, "ಅವನನ್ನು ಕರೆದುಕೊಂಡು ಬಾ" ಎಂದರು.

ಗಲ್ಲಿಯ ತಿರುವಿನಲ್ಲಿ ನನ್ನ ಹೆಜ್ಜೆ ನಿಂತಿತು. ವಕೀಲೆ ಕೈ ಹಿಡಿದುಕೊಂಡರು. ಅಂಗಡಿಯ ಮುಂದೆ ನಾಲ್ಕೈದು ಜನ ಸೇರಿದ್ದರು. ಒಳಗಿನ ಸ್ಟೂಲಿನ ಮೇಲೆ ಕೂತಿದ್ದದ್ದು ನನ್ನ ಗಂಡನಲ್ಲ, ಅತ್ತೆ.

ಒಬ್ಬರೇ ಎಂದೂ ಲೋಕಲ್ ಹತ್ತಿದವರಲ್ಲ ಅವರು. ಮನೆಯಲ್ಲಿ ಉಡುವ ವಾಯಿಲ್ ಸೀರೆಯಲ್ಲೇ ಬಂದಿದ್ದರು, ಕಾಲಲ್ಲಿ ಬಚ್ಚಲಿನ ಹವಾಯಿ ಚಪ್ಪಲಿ. ಮಾನಸರೋವರ್ ಸ್ಟೇಷನ್‌ವರೆಗೆ ರಿಕ್ಷಾ ಹಿಡಿದು, ಅವರಿವರನ್ನು ಕೇಳಿಕೊಂಡು ಥಾಣೆಯ ಗಾಡಿ ಹತ್ತಿ, ಪಾರ್ಸೆಲ್ ಮೇಲೆ ಬರೆದು ಬರೆದು ಬಾಯಿಗೆ ಬಂದಿದ್ದ ವಿಳಾಸವನ್ನು ಹೇಳಿಕೊಂಡು ಬಂದು ಮುಟ್ಟಿದ್ದರು. ನನ್ನ ಗಂಡ ಅವರ ಎದುರು ಗೋಡೆಗೆ ಒರಗಿ ನಿಂತಿದ್ದರು. ಗಡ್ಡ ಬಿಟ್ಟಿದ್ದರು, ಸೊರಗಿದ್ದರು. ಕಾಕು ಅತ್ತೆಯ ಕೈಗೆ ಚಹಾ ಕೊಟ್ಟಿದ್ದಳು. ಅದು ಕೆನೆಗಟ್ಟಿತ್ತು.

ನನ್ನನ್ನು ಕಂಡದ್ದೇ ಗಂಡ ಮುಂದೆ ಬಂದರು. "ಮಗು ಎಲ್ಲಿ? ನನ್ನ ಮಗು ಎಲ್ಲಿ?"

ಅತ್ತೆ ಎದ್ದು ನಡುವೆ ನಿಂತರು. "ಅವಳ ಹತ್ರ ಮಾತಾಡ್ಬೇಡ. ನನ್ನ ಹತ್ರ ಮಾತಾಡು."

"ಅಮ್ಮ, ನಿಮಗೆ ಇದೆಲ್ಲ ಗೊತ್ತಾಗೂದಿಲ್ಲ. ನೀವು ಮನೆಗೆ ಹೋಗಿ."

"ಗೊತ್ತಾಗೂದಿಲ್ಲ ಅಂತ ಗೊತ್ತಿದ್ದೇ ಅಲ್ವನಾ ನನ್ನ ಕೈಯಲ್ಲಿ ಕಳಿಸಿದ್ದು? ಮೊಮ್ಮಗಳ ಬೆನ್ನಿಗೆ ನಾನು ಏನು ಕಟ್ಟಿ ಕಳಿಸಿದೆ ಅಂತ ನಂಗೇ ಗೊತ್ತಿಲ್ಲದ ಹಾಗೆ ಮಾಡಿದೆ. ಇನ್ನು ನಾನು ಒಂದು ಹಪ್ಪಳ ಕಳಿಸಿದರೂ ಅವಳು ಹೆದರಿ ಹೆದರಿ ಬಿಚ್ಚಬೇಕು. ನಂಗೆ ಉಳಿದದ್ದು ಅದೊಂದೇ ಇತ್ತು. ಅದನ್ನೂ ಹಾಳು ಮಾಡಿದೆ."

"ನಾನು ಅವಳನ್ನ ನೋಡ್ಬೇಕಿತ್ತು ಅಷ್ಟೇ" ಎಂದರು ಅವರು. ದನಿ ಒಡೆದುಹೋಗಿತ್ತು. "ಶಾಲೆಗೆ ಹೋಗೂದನ್ನ ದೂರದಿಂದ ನೋಡಿ ಬರ್ತಿದ್ದೆ. ಅಷ್ಟೇ ಅಮ್ಮ."

ಇರಬಹುದು. ಆ ಮಾತು ಪೂರ್ತಿ ಸುಳ್ಳು ಎಂದು ನಾನು ಇವತ್ತಿಗೂ ಹೇಳಲಾರೆ. ಅವರು ಮಗಳನ್ನು ಪ್ರೀತಿಸುತ್ತಿದ್ದರು. ಆದರೆ ದೂರದಿಂದ ನೋಡಿ ಸುಮ್ಮನೆ ಬರುವ ಶಕ್ತಿ ಅವರಲ್ಲಿರಲಿಲ್ಲ. ಒಂದು ದಿನ ಹತ್ತಿರ ಬರುತ್ತಿದ್ದರು, ಇನ್ನೊಂದು ದಿನ ಬಾಗಿಲಿಗೆ ಬರುತ್ತಿದ್ದರು. ಬೀಗ ಹಾಕಿಕೊಂಡು ಹೋಗುವಾಗಲೂ ಅವರು, ನಿಮ್ಮ ಒಳ್ಳೆಯದಕ್ಕೇ ಎಂದು ಹೇಳುತ್ತಿದ್ದರು.

ಕಾನ್‌ಸ್ಟೆಬಲ್ ಮರಾಠಿಯಲ್ಲಿ, ಯಾರು ಏನು ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ತಮಗೆ ಬರುವ ಹರುಕುಮುರುಕು ಹಿಂದಿಯಲ್ಲಿ ಹೇಳಿದರು: "ಥೈಲಾ ಹಮ್ ಭೇಜಾ. ಮಶೀನ್ ಇಸ್ನೇ ಡಾಲಾ. ಯೇ ಮೇರಾ ಲಡ್ಕಾ ಹೈ." ಚೀಲ ಕಳಿಸಿದ್ದು ನಾನು, ಯಂತ್ರ ಹಾಕಿದ್ದು ಇವನು, ಇವನು ನನ್ನ ಮಗ. ಮೂರನೆಯ ಮಾತು ಹೇಳುವಾಗ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಚೌಕಿಯಲ್ಲಿ ಅದನ್ನೇ ಮತ್ತೆ ಹೇಳಿ ಹೆಬ್ಬೆಟ್ಟು ಒತ್ತಲು ಹೋದರು. ಓದುಬರಹ ಬಲ್ಲವರು, ಆ ಹೊತ್ತಿಗೆ ಸಹಿ ಮಾಡಲು ಕೈ ಏಳಲಿಲ್ಲ. ಅಧಿಕಾರಿ ನೀರು ತರಿಸಿ ಕೊಟ್ಟು, ನಿಧಾನಕ್ಕೆ ಸಹಿ ಮಾಡಿಸಿದರು. ನನ್ನ ಗಂಡ ತಲೆ ತಗ್ಗಿಸಿ ಬೆಂಚಿನ ಮೇಲೆ ಕೂತಿದ್ದರು. ತಾಯಿಯೇ ಎದುರು ನಿಂತ ಮೇಲೆ ಅವರಿಗೆ ವಾದಿಸುವ ಉಸಿರು ಉಳಿದಿರಲಿಲ್ಲ. ಬಿಲ್ಲೆಯನ್ನು ತಾನೇ ಕೊಂಡದ್ದು, ಹೊಲಿಗೆ ಬಿಚ್ಚಿ ತಾನೇ ಹಾಕಿದ್ದು ಎಂದು ಒಪ್ಪಿಕೊಂಡರು. ಅಧಿಕಾರಿ ದೂರು ದಾಖಲಿಸಿ, ಕರೆದಾಗ ಬರಬೇಕೆಂದು ಬರೆಸಿಕೊಂಡು ಅವರನ್ನು ಬಿಟ್ಟರು.

ಎಲ್ಲ ಮುಗಿದು ಹೊರಗೆ ಬಂದಾಗ ಅತ್ತೆಯನ್ನು ಬನ್ನಿ ಎಂದು ಕರೆದೆ. ನಮ್ಮ ಮನೆಗೆ ಹೋಗೋಣ, ಮಗು ನೋಡಬಹುದು ಎಂದೆ.

"ಇವತ್ತು ಬೇಡ. ಇವತ್ತು ಅವನ ಜೊತೆ ಹೋಗ್ತೇನೆ. ದಾರಿಯಲ್ಲಿ ಏನಾದ್ರೂ ಮಾಡಿಕೊಂಡ್ರೆ?" ಎಂದರು. ತಾಯಿಮಗ ಇಬ್ಬರೂ ಸ್ಟೇಷನ್ ಕಡೆ ನಡೆದರು. ಅತ್ತೆ ಮುಂದೆ, ಮಗ ಎರಡು ಹೆಜ್ಜೆ ಹಿಂದೆ.

ಕಾಕಾ ಆಮೇಲೆ ಬಹಳ ದಿನ ನನ್ನ ಮುಖ ನೋಡಿ ಮಾತಾಡಲಿಲ್ಲ. ಒಂದು ದಿನ ತಾವಾಗಿಯೇ, "ಮಾಝೀ ಚೂಕ್ ಝಾಲೀ, ಬೇಟಾ" ಎಂದರು. ತಪ್ಪಾಯಿತು ಎಂದು ವಯಸ್ಸಾದವರ ಬಾಯಿಂದ ಕೇಳುವುದು ನನಗೇ ಕಷ್ಟವಾಯಿತು. ಕಾಕು ಅಷ್ಟಕ್ಕೇ ಬಿಡಲಿಲ್ಲ. ಬಾಕ್ಸ್ ಹಿಡಿದವರ ನಂಬರುಗಳನ್ನೆಲ್ಲ ತನ್ನ ಫೋನಿಗೆ ಹಾಕಿಕೊಂಡು, ಅದನ್ನು ಗಂಡನ ಕೈಗೆ ಸಿಗದ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಯಾರೇ ಬಂದು ಯಾರನ್ನೇ ಕೇಳಿದರೂ, "ಅಂಥವರು ಇಲ್ಲಿಲ್ಲ" ಎನ್ನುವುದು ಅಲ್ಲಿನ ನಿಯಮವಾಯಿತು. ಕೂದಲ ಬಣ್ಣದ ಯಜಮಾನರನ್ನು ಅವರ ಹೆಂಡತಿಯೇ ಹುಡುಕಿಕೊಂಡು ಬಂದಾಗಲೂ ಕಾಕು ಇಲ್ಲವೆಂದಳಂತೆ. ಆ ಹೆಂಗಸು ನಕ್ಕು, ಇದ್ದರೆ ಈ ಕನ್ನಡಕ ಕೊಟ್ಟುಬಿಡಿ ಎಂದು ಇಟ್ಟು ಹೋದಳಂತೆ.

ಆದರೂ ನಾನು ಆ ಬಾಕ್ಸನ್ನು ಬಿಟ್ಟೆ. ಆಫೀಸು ಗೊತ್ತಾಗಿಹೋಗಿದ್ದರಿಂದ ನನ್ನ ಮಾಲೀಕರಿಗೆ ವಿಷಯ ತಿಳಿಸಿದೆ; ಅವರು ಕಲ್ಯಾಣದ ಶಾಖೆಗೆ ಹಾಕಿಕೊಟ್ಟರು. ಕೋರ್ಟಿನಿಂದ ಆದೇಶ ಬಂತು. ಗಂಡ ನನ್ನ ಹಿಂದೆ ಬರುವ ಹಾಗಿಲ್ಲ, ಫೋನ್ ಮಾಡುವ ಹಾಗಿಲ್ಲ. ಮಗಳನ್ನು ತಿಂಗಳಿಗೊಮ್ಮೆ ಥಾಣೆಯ ಕೋರ್ಟಿನ ಮಕ್ಕಳ ಕೋಣೆಯಲ್ಲಿ, ಒಬ್ಬ ಅಧಿಕಾರಿಯ ಎದುರಿನಲ್ಲಿ ನೋಡಬಹುದು. ಮೊದಲ ಸಲ ಮಗಳು ನನ್ನ ಹಿಂದೆ ಅಡಗಿದಳು. ಎರಡನೆಯ ಸಲ ಅವರು ತಂದ ಕೇರಂ ಬೋರ್ಡಿನ ಮುಂದೆ ಕೂತಳು. ಆಡುವಾಗ ನಗುವ ಸದ್ದು ನನಗೆ ಹೊರಗೆ ಕೇಳಿಸುತ್ತಿತ್ತು. ಮುಂದೆ ಅವರು ಒಬ್ಬ ಡಾಕ್ಟರ ಹತ್ತಿರ ಮಾತಾಡಲು ಹೋಗುತ್ತಿದ್ದಾರೆ ಎಂದು ಅತ್ತೆ ಹೇಳಿದರು. ವಾಸಿಯಾಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಆ ಮನೆಗೆ ಹಿಂದಿರುಗುವುದಿಲ್ಲ ಎನ್ನುವುದು ಮಾತ್ರ ಎಲ್ಲರಿಗೂ ಗೊತ್ತಾಗಿದೆ.

ಚೀಲ ಬಹಳ ದಿನ ಮಂಚದ ಕೆಳಗೇ ಇತ್ತು. ಮಗಳೇ ಒಂದು ದಿನ ಅದನ್ನು ಎಳೆದು ತಂದು ಕೇಳಿದಳು. ಅವಳಿಗೆ ಅರ್ಥವಾಗುವಷ್ಟು ಹೇಳಿ, ಬಿಚ್ಚಿದ ಜಾಗವನ್ನು ಅವಳೆದುರೇ ಹೊಲಿದುಕೊಟ್ಟೆ. ಹರಿದುಹೋಗುವವರೆಗೂ ಅದನ್ನೇ ಶಾಲೆಗೆ ಒಯ್ದಳು.

ಅತ್ತೆ ಅದಾದ ಮೇಲೆ ಕೊರಿಯರ್ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. "ಇನ್ನು ಕಳಿಸೂದಿಲ್ಲ. ನಾನೇ ತರ್ತೇನೆ" ಎಂದರು. ಹಾಗೆಯೇ ಒಂದು ಶನಿವಾರ ಥಾಣೆಯವರೆಗೆ ಬಂದು ನಿಂತರು. ನಾನು ಹೋಗಿ ಕರೆದುಕೊಂಡು ಬಂದೆ. ಡೊಂಬಿವಲಿ ಸ್ಟೇಷನ್ನಿನಿಂದ ರಿಕ್ಷಾ ಹತ್ತಿದ್ದೇ ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡರು.

"ಇದೆಂಥದು ಅತ್ತೆ?"

"ಗಲ್ಲಿ, ಬಿಲ್ಡಿಂಗು, ಬೋರ್ಡು ಒಂದೂ ನಂಗೆ ಬೇಡ. ಅವ ಅತ್ತು ಕೇಳಿದ್ರೆ ನನ್ನ ಬಾಯಿ ನಿಲ್ತದೋ ಇಲ್ವೋ. ಗೊತ್ತೇ ಇಲ್ಲದಿದ್ರೆ ಹೇಳೂದೆಂತ?"

ರಿಕ್ಷಾದವನು ಕನ್ನಡಿಯಲ್ಲಿ ನೋಡಿ, "ಮಾಯೀಗೆ ಕಣ್ಣಿನ ಆಪರೇಶನ್ ಆಯ್ತಾ?" ಎಂದು ಕೇಳಿದ. ಹೌದು ಎಂದೆ. ಪಾಪ, ಗುಂಡಿಗಳಲ್ಲಿ ಮೆಲ್ಲಗೆ ಓಡಿಸಿದ. ಬಾಗಿಲಲ್ಲಿ ಮಗಳು ಕಾಯುತ್ತಿದ್ದಳು. ಅಜ್ಜಿಯ ಮುಖದಿಂದ ಸೆರಗನ್ನು ಅವಳೇ ಸರಿಸಿದಳು.

ಈಗ ತಿಂಗಳಿಗೆ ಎರಡು ದಿನವಾದರೂ ಬಂದು ಇರುತ್ತಾರೆ. ಬಂದ ಕೂಡಲೇ ನನ್ನ ಅಡುಗೆಮನೆಯ ಡಬ್ಬಗಳನ್ನೆಲ್ಲ ತೆರೆದು ಮೂಸಿ ನೋಡಿ, ಮೆಣಸು ಹಾಳಾಗಿದೆ, ಬೇಳೆಗೆ ಹುಳ ಬಿದ್ದಿದೆ ಎಂದು ಗೊಣಗುತ್ತಾರೆ. ಎದುರು ಮನೆಯವಳಿಗೆ ಕೆಸುವಿನೆಲೆಯ ಪತ್ರೊಡೆ ಕಲಿಸಿಕೊಟ್ಟಿದ್ದಾರೆ. ಅವಳು ಅದನ್ನು ಮರಾಠಿಯಲ್ಲಿ ಅಳೂವಡಿ ಎಂದೇ ಕರೆಯುತ್ತಾಳೆ, ಇವರು ಪ್ರತಿ ಸಲ ತಿದ್ದುತ್ತಾರೆ. ಮಗಳು ಮತ್ತು ಅಜ್ಜಿ ಬಾಲ್ಕನಿಯಲ್ಲಿ ಕೂತು ಗಂಟೆಗಟ್ಟಲೆ ಮಾತಾಡುತ್ತಾರೆ. ಒಬ್ಬರದು ತುಳು, ಒಬ್ಬಳದು ಹಿಂದಿ. ಹೋದ ಸಲ ಏನೋ ಮುಖ್ಯವಾದ ವಿಷಯ ನಡೆಯುತ್ತಿತ್ತು. ನಾನು ಹತ್ತಿರ ಹೋದದ್ದೇ ಇಬ್ಬರೂ ಮಾತು ನಿಲ್ಲಿಸಿದರು.

"ಏನದು?" ಎಂದು ಕೇಳಿದೆ.

"ಪ್ರೈವೇಟ್ ಹೈ" ಎಂದಳು ಮಗಳು.

ಅತ್ತೆ ನನ್ನನ್ನು ನೋಡಿ, ಒಳಗೆ ಹೋಗು ಎಂದು ಕೈಸನ್ನೆ ಮಾಡಿದರು. ನಾನು ಒಳಗೆ ಹೋಗಿ ಅಕ್ಕಿ ತೊಳೆಯಲು ಕೂತೆ.